ದುರ್ಗದಲ್ಲಿ ನಿಂತು ‘ನಾಗರಹಾವು’ ಎರಡನೇದು ಅನ್ನೋದು ಹೇಗೆ?

(ಚಿತ್ರದುರ್ಗದಲ್ಲಿ ಸಿನಿಮಾ ಆಸಕ್ತರ ಕೂಟವೊಂದು ಎಪ್ಪತ್ತರ ದಶಕದ ಹತ್ತು ಒಳ್ಳೆಯ ಕನ್ನಡ ಸಿನಿಮಾಗಳನ್ನು ಆರಿಸಲು ಸೇರಿತ್ತು. ಓಟು ಹಾಕುವ ಮುಂಚೆ ಆಡಿದ ಮಾತುಗಳ ಬರಹ ರೂಪ ಇದು.)

ಇವತ್ತಿನ ಫಲಿತಾಂಶ ನನಗೆ ಈಗಲೇ ಗೊತ್ತು. ‘ನಾಗರಹಾವು’ ಮೊದಲು ಬರುತ್ತದೆ. ಬೇರೆ ಊರಿನಲ್ಲಾಗಿದ್ದರೆ ‘ಬಂಗಾರದ ಮನುಷ್ಯ’ ಅದಕ್ಕೆ ಪೈಪೋಟಿ ಕೊಡುತ್ತಿತ್ತು. ದುರ್ಗದಲ್ಲಿ ಆ ಮಾತೇ ಇಲ್ಲ. ರಾಮಾಚಾರಿ ಓಡಾಡಿದ ಬಂಡೆಗಳು ನಮ್ಮ ತಲೆಯ ಮೇಲೇ ಇವೆ. ಕೋಟೆ ನೋಡಲು ಬಂದ ನೆಂಟರನ್ನು ಓಬವ್ವನ ಕಿಂಡಿ ಮುಂದೆ ನಿಲ್ಲಿಸಿದರೆ ಸಾಕು, ಯಾರಾದರೊಬ್ಬರು ‘ಕನ್ನಡ ನಾಡಿನ ವೀರ ರಮಣಿಯ’ ಶುರು ಮಾಡುತ್ತಾರೆ. ಇಂಥ ಊರಿನಲ್ಲಿ ನಿಂತು ಆ ಸಿನಿಮಾ ಎರಡನೇದು ಅಂದರೆ ಮನೆಗೆ ಹೋಗೋದು ಕಷ್ಟ.

ಆದ್ದರಿಂದ ಮೊದಲನೇದು ಯಾವುದು ಅನ್ನೋ ಜಗಳಕ್ಕೆ ನಾನು ಬರುವುದಿಲ್ಲ. ನನ್ನ ಜಗಳ ಬೇರೆ. ನಾವು ಪಟ್ಟಿ ಬಂದ ಮೇಲೆ ಕಿತ್ತಾಡುತ್ತೇವೆ. ಪಟ್ಟಿ ಏನಾಗುತ್ತದೆ ಅನ್ನೋದು ಅದಕ್ಕೆ ಮುಂಚೆಯೇ ತೀರ್ಮಾನ ಆಗಿರುತ್ತದೆ. ಯಾವ ವರ್ಷದಿಂದ ಯಾವ ವರ್ಷಕ್ಕೆ, ಎಣಿಸೋದು ಹೇಗೆ, ಎಲ್ಲಕ್ಕಿಂತ ಹೆಚ್ಚಾಗಿ ಓಟು ಹಾಕುವವರು ಏನೇನು ನೋಡಿದ್ದಾರೆ. ಕಿತ್ತಾಡೋದಾದರೆ ಅಲ್ಲಿ ಕಿತ್ತಾಡೋಣ.

ವರ್ಷದ ವಿಷಯ ಬೇಗ ಮುಗಿಸುತ್ತೇನೆ. ಎಪ್ಪತ್ತರ ದಶಕ ಅಂದರೆ 1970ರಿಂದ 79 ಅಂತ ಕೆಲವರು, 1971ರಿಂದ 80 ಅಂತ ಕೆಲವರು. ಇದೇನು ದೊಡ್ಡ ವಿಷಯ ಅನ್ನಿಸಬಹುದು. ಎರಡನೇ ಲೆಕ್ಕ ಹಿಡಿದರೆ ‘ಸಂಸ್ಕಾರ’ ಹೊರಗೆ ಹೋಗುತ್ತದೆ, ಯಾಕಂದರೆ ಅದು 1970ರದು. ಕನ್ನಡಕ್ಕೆ ಮೊದಲ ಸ್ವರ್ಣಕಮಲ, ಅಂದರೆ ದೇಶದ ಅತ್ಯುತ್ತಮ ಸಿನಿಮಾ ಅನ್ನೋ ರಾಷ್ಟ್ರಪ್ರಶಸ್ತಿ, ತಂದ ಸಿನಿಮಾ ಇಲ್ಲದ ಎಪ್ಪತ್ತರ ದಶಕ! ಅದರ ಬದಲಿಗೆ ಶಂಕರ್‌ನಾಗ್ ಅವರ ‘ಮಿಂಚಿನ ಓಟ’ ಒಳಗೆ ಬರುತ್ತದೆ, ಅದು 1980ರದು. ಶಂಕರ್‌ನಾಗ್ ಅಭಿಮಾನಿಗಳು ಚಪ್ಪಾಳೆ ಹೊಡೆಯುತ್ತಿದ್ದೀರಿ, ಸಂತೋಷ. ಆದರೆ ನಾವು ಇವತ್ತು 70ರಿಂದ 79 ಅಂತಲೇ ಇಟ್ಟುಕೊಂಡಿದ್ದೇವೆ.

ವರ್ಷದ ಕೊನೆಗೆ ಬರುವ ಸಿನಿಮಾಗಳ ಪಾಡು ಇನ್ನೊಂದು. ‘ನಾಗರಹಾವು’ ಬಿಡುಗಡೆ ಆದದ್ದು 1972ರ ಡಿಸೆಂಬರ್ 29ರಂದು. ‘ಮುಂಗಾರು ಮಳೆ’ ಬಂದದ್ದು 2006ರ ಡಿಸೆಂಬರ್ 29ಕ್ಕೆ. ‘ಕಿರಿಕ್ ಪಾರ್ಟಿ’ 2016ರ ಡಿಸೆಂಬರ್ 30. ದಾಖಲೆಯಲ್ಲಿ ಒಂದು ವರ್ಷದ ಸಿನಿಮಾ, ಜನರ ನೆನಪಿನಲ್ಲಿ ಮುಂದಿನ ವರ್ಷದ್ದು. ದಶಕದ ಅಂಚಿಗೆ ಬಂದಾಗ ಇದು ನಿಜವಾಗಿ ತೊಂದರೆ ಕೊಡುತ್ತದೆ. ‘ಅವನೇ ಶ್ರೀಮನ್ನಾರಾಯಣ’ 2019ರ ಡಿಸೆಂಬರ್ 27ಕ್ಕೆ ಬಂತು. ಅದನ್ನು 2020ರ ಜನವರಿಯಲ್ಲಿ ನೋಡಿದವರೇ ಜಾಸ್ತಿ ಇರಬಹುದು. ನಾಳೆ ನೀವು 2010ರಿಂದ 19ರ ಪಟ್ಟಿ ಮಾಡುವಾಗ ಅದನ್ನು ಮರೆತೇಬಿಡುತ್ತೀರಿ, ನೋಡಿ ಬೇಕಾದರೆ.

ಈಗ ಎಣಿಕೆಗೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಪೆನ್ನು ಇರೋರು ಬರೆದುಕೊಳ್ಳಿ.

ಒಂಬತ್ತು ಜನ ಸ್ನೇಹಿತರು ಅಂದುಕೊಳ್ಳಿ. ಮೂರೇ ಸಿನಿಮಾ. ‘ನಾಗರಹಾವು’, ‘ಘಟಶ್ರಾದ್ಧ’, ‘ಭೂತಯ್ಯನ ಮಗ ಅಯ್ಯು’. ನಾಲ್ಕು ಜನ ‘ನಾಗರಹಾವು’ ಮೊದಲು, ‘ಭೂತಯ್ಯ’ ಎರಡನೇದು, ‘ಘಟಶ್ರಾದ್ಧ’ ಕೊನೆ ಅಂತಾರೆ. ಮೂರು ಜನ ಕಲಾತ್ಮಕ ಸಿನಿಮಾದವರು. ಅವರಿಗೆ ‘ಘಟಶ್ರಾದ್ಧ’ ಮೊದಲು, ಆಮೇಲೆ ‘ಭೂತಯ್ಯ’, ಕೊನೆಗೆ ‘ನಾಗರಹಾವು’. ಉಳಿದ ಇಬ್ಬರಿಗೆ ‘ಭೂತಯ್ಯ’ ಮೊದಲು, ‘ಘಟಶ್ರಾದ್ಧ’ ಎರಡನೇದು, ‘ನಾಗರಹಾವು’ ಮೂರನೇದು.

ಮೊದಲ ಸ್ಥಾನ ಮಾತ್ರ ಎಣಿಸಿದರೆ ‘ನಾಗರಹಾವು’ ಗೆಲ್ಲುತ್ತದೆ. ನಾಲ್ಕು, ಮೂರು, ಎರಡು. ನಮ್ಮ ಎಂಎಲ್‌ಎ ಎಲೆಕ್ಷನ್ ಹಾಗೆ.

ಕಡಿಮೆ ಓಟು ಬಂದದ್ದನ್ನು ತೆಗೆದು ಉಳಿದ ಎರಡರ ನಡುವೆ ಮತ್ತೆ ಓಟು ಹಾಕಿಸಿದರೆ? ‘ಭೂತಯ್ಯ’ ಹೊರಗೆ ಹೋಯಿತು. ಅದಕ್ಕೆ ಹಾಕಿದ ಇಬ್ಬರ ಎರಡನೇ ಆಯ್ಕೆ ‘ಘಟಶ್ರಾದ್ಧ’. ಈಗ ಐದು–ನಾಲ್ಕು. ‘ಘಟಶ್ರಾದ್ಧ’ ಗೆದ್ದಿತು.

ಇನ್ನು ಅಂಕ ಕೊಡುವ ಪದ್ಧತಿ. ಮೊದಲನೇದಕ್ಕೆ ಮೂರು, ಎರಡನೇದಕ್ಕೆ ಎರಡು, ಕೊನೆಯದಕ್ಕೆ ಒಂದು. ಹದಿನೆಂಟನೇ ಶತಮಾನದಲ್ಲಿ ಫ್ರಾನ್ಸಿನ ಬೋರ್ಡಾ ಅನ್ನೋ ಗಣಿತಜ್ಞ ಇದರ ಪರವಾಗಿ ವಾದ ಮಾಡಿದ್ದ. ಕೂಡಿಸಿ ನೋಡಿ. ‘ನಾಗರಹಾವು’ 17, ‘ಘಟಶ್ರಾದ್ಧ’ 17, ‘ಭೂತಯ್ಯನ ಮಗ ಅಯ್ಯು’ 20. ಯಾವ ಸಿನಿಮಾಗೆ ಮೊದಲ ಸ್ಥಾನದ ಓಟು ಬರೀ ಎರಡು ಇತ್ತೋ ಅದೇ ಈಗ ದಶಕದ ಅತ್ಯುತ್ತಮ ಸಿನಿಮಾ.

ಅದೇ ಒಂಬತ್ತು ಜನ. ಯಾರೂ ಮನಸ್ಸು ಬದಲಿಸಿಲ್ಲ. ಮೂರು ರೀತಿ ಎಣಿಸಿದೆವು, ಮೂರು ಸಿನಿಮಾ ಗೆದ್ದವು. ಹಾಗಾಗಿ ಯಾರಾದರೂ ‘ಜನ ಆರಿಸಿದ ನಂಬರ್ ಒನ್’ ಅಂತ ಪಟ್ಟಿ ತೋರಿಸಿದರೆ, ಹೆಂಗೆ ಎಣಿಸಿದ್ರಪ್ಪಾ ಅಂತ ಮೊದಲು ಕೇಳಿ.

ನನಗೆ ಅಂಕದ ಪದ್ಧತಿಯೇ ಇಷ್ಟ, ಅದನ್ನು ಮುಚ್ಚಿಡುವುದಿಲ್ಲ. ಅದರಲ್ಲಿ ಎಲ್ಲರೂ ಒಪ್ಪುವ ಸಿನಿಮಾ ಮೇಲೆ ಬರುತ್ತದೆ. ಆದರೆ ಅದರ ದೋಷವೂ ಅದೇ. ಕೆಲವರು ಪ್ರಾಣ ಬಿಡುವಷ್ಟು ಪ್ರೀತಿಸುವ, ಉಳಿದವರು ಸಹಿಸದ ಸಿನಿಮಾ ಈ ಲೆಕ್ಕದಲ್ಲಿ ಕೆಳಗೆ ಜಾರುತ್ತದೆ. ಒಳ್ಳೆಯ ಸಿನಿಮಾಗಳಲ್ಲಿ ಅಂಥವು ಇದ್ದೇ ಇರುತ್ತವೆ.

‘ಭೂತಯ್ಯ’ದ ಹೆಸರನ್ನು ಸುಮ್ನೆ ಉದಾಹರಣೆಗೆ ತೆಗೆದುಕೊಂಡದ್ದಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆ, ಸಿದ್ದಲಿಂಗಯ್ಯನವರ ನಿರ್ದೇಶನ, 1974. ಬಡ್ಡಿ ಸಾಹುಕಾರ ಭೂತಯ್ಯನಾಗಿ ಎಂ.ಪಿ. ಶಂಕರ್, ಮಗ ಅಯ್ಯುವಾಗಿ ಲೋಕೇಶ್, ಎದುರು ನಿಲ್ಲುವ ಗುಳ್ಳನಾಗಿ ವಿಷ್ಣುವರ್ಧನ್. ಅಪ್ಪನ ಕಾಲದ ದ್ವೇಷ ಮಕ್ಕಳ ಕಾಲಕ್ಕೆ ಬಂದು, ಕೋರ್ಟು ಕಚೇರಿ ಅಂತ ಅಲೆದು ಮನೆಗಳೇ ಹಾಳಾಗುವ ಕಥೆ. ನಮ್ಮ ಹಳ್ಳಿಗಳಲ್ಲಿ ಬದುವಿನ ಜಗಳಕ್ಕೆ ಇಪ್ಪತ್ತು ವರ್ಷ ದುರ್ಗದ ಕೋರ್ಟಿಗೆ ಅಲೆದವರು ಇದನ್ನು ನೋಡಿದರೆ ತಮ್ಮದೇ ಕಥೆ ಅಂತಾರೆ. ಅದರ ನಡುವೆ ಲೋಕನಾಥ್ ಅವರ ಉಪ್ಪಿನಕಾಯಿ ದೃಶ್ಯ! ಆ ಒಂದು ದೃಶ್ಯದಿಂದ ಅವರ ಹೆಸರೇ ಉಪ್ಪಿನಕಾಯಿ ಲೋಕನಾಥ್ ಆಗಿಹೋಯಿತು. ಕಲಾತ್ಮಕ ಸಿನಿಮಾದವರೂ ಬೈಯುವುದಿಲ್ಲ, ವಿಷ್ಣು ಅಭಿಮಾನಿಗಳೂ ಬೈಯುವುದಿಲ್ಲ. ಇಂಥ ಸಿನಿಮಾಗೆ ಚೀಟಿಯಲ್ಲಿ ಎರಡನೇ ಸ್ಥಾನ ಎಷ್ಟು ಸಿಕ್ಕರೂ, ಮೊದಲ ಸ್ಥಾನ ಮಾತ್ರ ಎಣಿಸುವ ಕಡೆ ಅದರ ಹೆಸರೇ ಕೇಳಿಸುವುದಿಲ್ಲ.

ಜಗತ್ತಿನ ದೊಡ್ಡ ಪಟ್ಟಿಯೊಂದರ ಕಥೆ ಹೇಳುತ್ತೇನೆ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳಿ, ಅಲ್ಲಿವರೆಗಿನ ಸಿನಿಮಾಗಳಲ್ಲಿ ಅತ್ಯುತ್ತಮ ಯಾವುದು ಅಂತ ಪಟ್ಟಿ ಮಾಡುತ್ತದೆ. ಒಬ್ಬೊಬ್ಬರು ಹತ್ತು ಹೆಸರು ಕೊಡಬೇಕು. ಆ ಹತ್ತಕ್ಕೂ ಸಮಾನ ಬೆಲೆ, ಮೊದಲನೇದು ಹತ್ತನೇದು ಅಂತ ಇಲ್ಲ. ಮೊದಲ ಸಲ ‘ಬೈಸಿಕಲ್ ಥೀವ್ಸ್’ ಗೆದ್ದಿತು, ಆಗ ಅದಕ್ಕೆ ಇನ್ನೂ ನಾಲ್ಕು ವರ್ಷ ವಯಸ್ಸು. 1962ರಿಂದ 2002ರವರೆಗೆ ‘ಸಿಟಿಜನ್ ಕೇನ್’ ಅಲುಗಾಡಲಿಲ್ಲ. ಅದೇ ‘ಸಿಟಿಜನ್ ಕೇನ್’ 1941ರ ಸಿನಿಮಾ, ಆದರೂ 1952ರ ಮೊದಲ ಹತ್ತರಲ್ಲಿ ಇರಲೇ ಇಲ್ಲ. 2012ರಲ್ಲಿ ‘ವರ್ಟಿಗೋ’ ಬಂತು. 2022ರಲ್ಲಿ ಶಾಂತಾಲ್ ಅಕರ್ಮನ್ ಅನ್ನೋ ನಿರ್ದೇಶಕಿಯ ‘ಜ್ಯಾನ್ ಡಿಯೆಲ್ಮನ್’ ಮೊದಲ ಸ್ಥಾನಕ್ಕೆ ಬಂದಾಗ ಪ್ರಪಂಚದ ಸಿನಿಮಾ ಅಭಿಮಾನಿಗಳೆಲ್ಲ ಹೊಡೆದಾಡಿಕೊಂಡರು. ಮೂರು ಗಂಟೆಗೂ ಮೀರಿದ ಸಿನಿಮಾ. ಒಬ್ಬ ಹೆಂಗಸು ಅಡುಗೆ ಮಾಡುತ್ತಾಳೆ, ಆಲೂಗಡ್ಡೆ ಸುಲಿಯುತ್ತಾಳೆ, ಹಾಸಿಗೆ ಸರಿ ಮಾಡುತ್ತಾಳೆ.

ಆ ಸಿನಿಮಾ ಬಂದದ್ದು 1975ರಲ್ಲಿ. ನಮ್ಮ ‘ಚೋಮನ ದುಡಿ’, ‘ಹಂಸಗೀತೆ’ ಬಂದ ವರ್ಷ. ಅಷ್ಟು ವರ್ಷದಲ್ಲಿ ಅದರ ಒಂದು ಫ್ರೇಮೂ ಬದಲಾಗಿಲ್ಲ. ಬದಲಾದದ್ದು ಓಟು ಹಾಕಿದವರು. 2012ರಲ್ಲಿ 846 ಜನ ಇದ್ದರು, 2022ರಲ್ಲಿ 1,639 ಜನ. ಹೊಸಬರು ಬಂದರು, ಬೇರೆ ದೇಶದವರು ಬಂದರು, ಹೆಂಗಸರು ಹೆಚ್ಚು ಬಂದರು.

ಈಗ ಈ ಹಾಲಿನಲ್ಲಿ ಒಮ್ಮೆ ಕಣ್ಣಾಡಿಸಿ. ಮುಂದಿನ ಸಾಲು ಬಿಟ್ಟರೆ ಹೆಂಗಸರು ಎಲ್ಲಿದ್ದಾರೆ? ಹಾಗಾದರೆ ‘ಶರಪಂಜರ’ದ ಗತಿ ಏನು? ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ, ಕಲ್ಪನಾ ಮಾಡಿದ ಕಾವೇರಿ. ನಮ್ಮ ಮನೆಗಳ ಅಮ್ಮಂದಿರು, ಅತ್ತೆಯಂದಿರನ್ನು ಕೇಳಿ ನೋಡಿ. ಎಪ್ಪತ್ತರ ದಶಕದ ಪಟ್ಟಿ ಅವರು ಮಾಡಿದರೆ ರಾಮಾಚಾರಿಗಿಂತ ಮೇಲೆ ಕಾವೇರಿ ಕೂರುತ್ತಾಳೆ. ಹುಚ್ಚಿ ಅನ್ನೋ ಹಣೆಪಟ್ಟಿ ಹೊತ್ತು ಆಸ್ಪತ್ರೆಯಿಂದ ಮನೆಗೆ ಬಂದ ಸೊಸೆಯನ್ನು ಮನೆಯವರೇ ಮತ್ತೆ ಹುಚ್ಚಿ ಮಾಡುತ್ತಾರೆ. ಅದು ಅವರಿಗೆ ಬರೀ ಸಿನಿಮಾ ಆಗಿರಲಿಲ್ಲ. ಇವತ್ತು ಅವರು ಇಲ್ಲಿ ಇಲ್ಲ, ಆದ್ದರಿಂದ ಕಾವೇರಿ ಐದಾರನೇ ಜಾಗಕ್ಕೆ ಹೋಗುತ್ತಾಳೆ ಅಂತ ನನ್ನ ಅಂದಾಜು. ಪುಟ್ಟಣ್ಣನವರ ಸಿನಿಮಾ ಒಂದೇ ಇರಲಿ ಅಂತ ಕೆಲವರು ‘ನಾಗರಹಾವು’ ಬರೆದು ‘ಶರಪಂಜರ’ ಬಿಟ್ಟುಬಿಡುತ್ತಾರೆ. ಹಾಗೆ ಕೋಟಾ ಹಾಕಬೇಡಿ. ಆ ದಶಕದಲ್ಲಿ ಅವರು ನಾಲ್ಕು ಒಳ್ಳೆಯ ಸಿನಿಮಾ ಮಾಡಿದ್ದಾರೆ ಅನ್ನಿಸಿದರೆ ನಾಲ್ಕೂ ಬರೆಯಿರಿ.

ನಾನು ಹೇಳಬೇಕು ಅಂತ ಬಂದ ಮುಖ್ಯ ವಿಷಯ ಇನ್ನು ಮೇಲೆ. ನಾವು ಏನು ನೋಡಿದ್ದೇವೆ ಅನ್ನೋದು.

ತಳುಕಿನ ತ.ರಾ. ಸುಬ್ಬರಾಯರು ನಮ್ಮವರು, ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಎಪ್ಪತ್ತರ ದಶಕದಲ್ಲಿ ಅವರ ಬರಹದಿಂದ, ನಮ್ಮ ದುರ್ಗದ ಕಥೆಯಾಗಿ, ಎರಡು ದೊಡ್ಡ ಸಿನಿಮಾ ಬಂದವು. ಒಂದು ‘ನಾಗರಹಾವು’. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಅನ್ನೋ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ ಒಂದು ಸಿನಿಮಾ ಮಾಡಿದರು. ಇನ್ನೊಂದು ‘ಹಂಸಗೀತೆ’. ಜಿ.ವಿ. ಅಯ್ಯರ್ ನಿರ್ದೇಶನ, ಪಾಳೇಗಾರರ ಕಾಲದ ದುರ್ಗ, ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನಾಗಿ ಅನಂತನಾಗ್. ಅದರ ಹಾಡಿಗೆ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅದೇ ಕಾದಂಬರಿಯನ್ನು ಹಿಂದಿಯವರು 1956ರಲ್ಲೇ ‘ಬಸಂತ್ ಬಹಾರ್’ ಅಂತ ಮಾಡಿದ್ದರು.

‘ನಾಗರಹಾವು’ ನೋಡಿದವರು ಕೈ ಎತ್ತಿ. ಸರಿ, ಎಲ್ಲರೂ. ‘ಹಂಸಗೀತೆ’ ಪೂರ್ತಿ ನೋಡಿದವರು? ಹಾಡು ಕೇಳಿದವರಲ್ಲ, ಪೂರ್ತಿ ನೋಡಿದವರು. ಎಣಿಸೋ ಹಾಗಿದ್ದೀರಿ.

ಒಂದೇ ಊರು, ಒಬ್ಬರೇ ಕಾದಂಬರಿಕಾರ. ಇವತ್ತು ಒಂದು ಸಿನಿಮಾ ಮೊದಲ ಸ್ಥಾನಕ್ಕೆ ಬರುತ್ತದೆ, ಇನ್ನೊಂದು ಹತ್ತರ ಹೊರಗೆ ಉಳಿಯುತ್ತದೆ. ಅದನ್ನು ನೋಡಿ ಯಾರಾದರೂ ‘ಹಂಸಗೀತೆ’ ಕಡಿಮೆ ಸಿನಿಮಾ ಅಂದುಕೊಂಡರೆ ಅದು ಅನ್ಯಾಯ. ಅದು ಸೋತದ್ದಲ್ಲ, ಆಟಕ್ಕೇ ಇಳಿಯಲಿಲ್ಲ.

ಇಲ್ಲಿ ಒಂದು ತಮಾಷೆ ಇದೆ. ತ.ರಾ.ಸು. ಅವರಿಗೇ ‘ನಾಗರಹಾವು’ ಸಿನಿಮಾ ಹಿಡಿಸಲಿಲ್ಲ. ನನ್ನ ನಾಗರಹಾವನ್ನು ಕೇರೆಹಾವು ಮಾಡಿದರು ಅಂದರಂತೆ. ದುರ್ಗದ ಹೆಮ್ಮೆ ಅಂತ ನಾವು ಓಟು ಹಾಕುತ್ತೇವೆ, ದುರ್ಗದ ಕಾದಂಬರಿಕಾರರು ಇಲ್ಲಿ ಕೂತಿದ್ದರೆ ಆ ಸಿನಿಮಾಗೆ ಹಾಕುತ್ತಿದ್ದರೋ ಇಲ್ಲವೋ! ಪುಟ್ಟಣ್ಣನವರೇ ಅದನ್ನು 1974ರಲ್ಲಿ ರಿಷಿ ಕಪೂರ್ ಹಾಕಿಕೊಂಡು ಹಿಂದಿಯಲ್ಲಿ ‘ಜಹ್ರೀಲಾ ಇನ್ಸಾನ್’ ಅಂತ ಮಾಡಿದರು. ನಿರ್ದೇಶಕರು ಅವರೇ, ಆದರೂ ಇಲ್ಲಿ ಆದ ಮೋಡಿ ಅಲ್ಲಿ ಆಗಲಿಲ್ಲ. ನಮ್ಮ ‘ನಾಗರಹಾವಿ’ನಲ್ಲಿ ಅಶ್ವತ್ಥ್ ಅವರ ಚಾಮಯ್ಯ ಮೇಷ್ಟ್ರು ಇದ್ದರು, ವಿಷ್ಣುವರ್ಧನ್ ಎಂಬ ಹೊಸ ಹುಡುಗನ ಕಣ್ಣಲ್ಲಿ ಸಿಟ್ಟು ಇತ್ತು, ವಿಜಯಭಾಸ್ಕರ್ ಸಂಗೀತ ಇತ್ತು. ಈಗಲೂ ಶಿಷ್ಯನ ಪರ ನಿಲ್ಲುವ ಮೇಷ್ಟ್ರನ್ನು ಕಂಡರೆ ಚಾಮಯ್ಯ ಮೇಷ್ಟ್ರು ಅನ್ನುತ್ತೇವೆ. ಐವತ್ತು ವರ್ಷ ಆದ ಮೇಲೂ ಜನರ ಬಾಯಲ್ಲಿ ಒಂದು ಪಾತ್ರ ಉಳಿದಿದೆ ಅಂದರೆ ಅದಕ್ಕೆ ಅಂಕ ಕೊಡಲೇಬೇಕು. ನಾನೂ ಕೊಡುತ್ತೇನೆ. ಮೊದಲ ಸ್ಥಾನ ಕೊಡುವುದಿಲ್ಲ, ಅಷ್ಟೇ.

ಆ ದಶಕದಲ್ಲಿ ಕನ್ನಡಕ್ಕೆ ಮೂರು ಸ್ವರ್ಣಕಮಲ ಬಂದವು. 1970ರ ‘ಸಂಸ್ಕಾರ’, 1975ರ ‘ಚೋಮನ ದುಡಿ’, 1977ರ ‘ಘಟಶ್ರಾದ್ಧ’. ಮೂರೂ ಕಪ್ಪು ಬಿಳುಪು. ‘ಸಂಸ್ಕಾರ’ವನ್ನು ಸೆನ್ಸಾರ್‌ನವರು ಮೊದಲು ತಡೆದಿದ್ದರು. ಇಂಥ ಸಿನಿಮಾಗಳು ಬೆಂಗಳೂರಿನಲ್ಲಿ ಓಡಿದ ಹಾಗೆ ನಮ್ಮ ಕಡೆ ಓಡಲಿಲ್ಲ. ಇಲ್ಲಿಯ, ದಾವಣಗೆರೆಯ ಟಾಕೀಸುಗಳಿಗೆ ಬೇಕಾದದ್ದು ರಾಜ್‌ಕುಮಾರ್ ಸಿನಿಮಾ. ‘ಮಯೂರ’, ‘ಗಂಧದ ಗುಡಿ’, ‘ಶಂಕರ್ ಗುರು’. ಅದರಲ್ಲಿ ತಪ್ಪೇನೂ ಇಲ್ಲ, ಟಾಕೀಸಿನವರೂ ಹೊಟ್ಟೆಪಾಡು ನೋಡಬೇಕಲ್ವಾ. ನಮ್ಮಲ್ಲಿ ಎಷ್ಟೋ ಜನ ‘ಚೋಮನ ದುಡಿ’ ನೋಡಿದ್ದು ಆಮೇಲೆ, ದೂರದರ್ಶನದಲ್ಲಿ. ಭಾನುವಾರ ಮಧ್ಯಾಹ್ನ ಪ್ರಶಸ್ತಿ ಸಿನಿಮಾಗಳನ್ನು ಹಾಕುತ್ತಿದ್ದರಲ್ಲ, ಆಗ. ಊಟ ಆಗಿ ನಿದ್ದೆ ಬರುವ ಹೊತ್ತು, ಸಣ್ಣ ಟಿವಿ, ನಡುನಡುವೆ ಕರೆಂಟು ಹೋಗುತ್ತದೆ. ಹಾಗೆ ನೋಡಿದ ಸಿನಿಮಾವನ್ನು, ತುಂಬಿದ ಟಾಕೀಸಿನಲ್ಲಿ ಶಿಳ್ಳೆಗಳ ನಡುವೆ ನೋಡಿದ ಸಿನಿಮಾದ ಪಕ್ಕ ಇಟ್ಟು ಅಂಕ ಕೊಡುತ್ತೇವೆ.

ಸಿನಿಮಾ ಮತ್ತೆ ನೋಡಲು ಸಿಕ್ಕಾಗ ಪಟ್ಟಿ ಬದಲಾಗುತ್ತದೆ. ‘ನಾಗರಹಾವು’ 2018ರಲ್ಲಿ ಹೊಸ ರೂಪದಲ್ಲಿ ಟಾಕೀಸಿಗೆ ಬಂತು. ಅಪ್ಪನ ಕಾಲದ ಸಿನಿಮಾವನ್ನು ಮಗ ದೊಡ್ಡ ಪರದೆಯಲ್ಲಿ ನೋಡಿದ. ಇವತ್ತಿನ ಹುಡುಗರ ಓಟು ಅದಕ್ಕೆ ಬೀಳುವುದಕ್ಕೆ ಅದೂ ಒಂದು ಕಾರಣ. ‘ಘಟಶ್ರಾದ್ಧ’ವನ್ನೂ ರಿಪೇರಿ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಕಾಸರವಳ್ಳಿಯವರ ಮೊದಲ ಕಥಾಚಿತ್ರ ಅದು. ವೆನಿಸ್‌ನವರು ನೋಡಿದರು. ನಮ್ಮೂರಿನ ಪರದೆಗೆ ಅದನ್ನು ತರೋದು ಈ ಕೂಟದ ಕೆಲಸ ಅಂತ ನಾನು ಸಮಿತಿಯವರಿಗೆ ಎಲ್ಲರ ಮುಂದೆಯೇ ಹೇಳುತ್ತಿದ್ದೇನೆ.

ಮತ್ತೆ ನೋಡಲು ಸಿಗದೇ ಇದ್ದರೆ? ಮೂವತ್ತರ ದಶಕದ ಪಟ್ಟಿ ಮಾಡಿ ನೋಡೋಣ. ಮೊದಲ ಕನ್ನಡ ಟಾಕಿ ‘ಸತಿ ಸುಲೋಚನಾ’, 1934. ಕೊಲ್ಹಾಪುರದಲ್ಲಿ ತೆಗೆದದ್ದು, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ನಾಗೇಂದ್ರರಾಯರು. ಅದರ ಪ್ರಿಂಟೇ ಉಳಿದಿಲ್ಲ. ಚೆನ್ನಾಗಿತ್ತಾ, ಕೆಟ್ಟದಾಗಿತ್ತಾ, ಹೇಳುವವರು ಯಾರು? ಪಟ್ಟಿಯಲ್ಲಿ ಹೆಸರು ಬರೆಯಬಹುದು, ಸ್ಥಾನ ಕೊಡಲು ಆಗುವುದಿಲ್ಲ.

ಹಿಂದಿನ ಸಾಲಿನಿಂದ ಒಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು. ಹಾಗಾದರೆ ನೋಡಿದವರು ಕೊಟ್ಟ ಅಂಕದ ಸರಾಸರಿ ತೆಗೆದರೆ ಆಯಿತಲ್ಲ, ನೋಡದವರ ಗೊಡವೆ ಯಾಕೆ ಅಂತ. ಕೇಳೋಕೆ ಸರಿ ಅನ್ನಿಸುತ್ತದೆ, ಆದರೆ ಅದಕ್ಕೂ ಒಂದು ಕಾಟ ಇದೆ. ಕಡಿಮೆ ಜನ ನೋಡಿದ ಸಿನಿಮಾವನ್ನು ಹುಡುಕಿಕೊಂಡು ಹೋಗಿ ನೋಡುವವರು ಯಾರು? ಅದನ್ನು ಮೊದಲೇ ಇಷ್ಟಪಡಲು ತಯಾರಾಗಿ ಹೋದವರು. ಐದೇ ಜನ ನೋಡಿ ಐವರೂ ಒಂಬತ್ತು ಅಂಕ ಕೊಟ್ಟರೆ ಸರಾಸರಿ ಒಂಬತ್ತು. ಐವತ್ತು ಜನ ನೋಡಿದ ಸಿನಿಮಾಗೆ ಬೈಯುವವರೂ ಇರುತ್ತಾರೆ, ಅದಕ್ಕೆ 8.4 ಬರುತ್ತದೆ. ಆಗ ಐದು ಜನರ ಸಿನಿಮಾ ಮೇಲೆ.

ಇದಕ್ಕೆ ಒಂದು ಉಪಾಯ ಇದೆ. ಪ್ರತಿ ಸಿನಿಮಾಗೂ ಇಪ್ಪತ್ತು ಕಾಲ್ಪನಿಕ ಓಟು, ಏಳೇಳು ಅಂಕದ್ದು, ಮೊದಲೇ ಸೇರಿಸಿಬಿಡೋದು. ಆಗ ಐದು ಜನರ ಸಿನಿಮಾ 7.4ಕ್ಕೆ ಇಳಿಯುತ್ತದೆ, ಐವತ್ತು ಜನರದು 8ರಲ್ಲಿ ನಿಲ್ಲುತ್ತದೆ. ಜನ ಸಿನಿಮಾಗಳಿಗೆ ಅಂಕ ಕೊಡುವ ವೆಬ್‌ಸೈಟ್ ಐಎಂಡಿಬಿಯವರು ತಮ್ಮ ಟಾಪ್ 250 ಪಟ್ಟಿಗೆ ಪ್ರಕಟಿಸಿದ್ದ ಸೂತ್ರದ ತಿರುಳು ಇದೇ. ಅಲ್ಲಿ ನೀವು ನೋಡುವ ಅಂಕ ಬರೀ ಕೂಡಿಸಿ ಭಾಗಿಸಿದ್ದಲ್ಲ. ಆದರೆ ಇದರಲ್ಲಿ ‘ಹಂಸಗೀತೆ’ ಮತ್ತೆ ಕೆಳಗೇ ಹೋಗುತ್ತದೆ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತದೆ. ಇದಕ್ಕೆ ಗಣಿತದಲ್ಲಿ ಮದ್ದು ಇಲ್ಲ, ಸಿನಿಮಾ ತೋರಿಸೋದೇ ಮದ್ದು.

ಹಾಗಾಗಿ ಇವತ್ತು ನಾನು ಕೇಳಿಕೊಳ್ಳುವುದು ಇಷ್ಟು. ಚೀಟಿಯಲ್ಲಿ ಪ್ರತಿ ಸಿನಿಮಾ ಎದುರಿಗೆ ಎರಡು ಖಾನೆ ಇದೆ. ಎಡಗಡೆಯದು ನೋಡಿದ್ದೀರಾ ಇಲ್ಲವಾ ಅಂತ. ದಯವಿಟ್ಟು ನಿಜ ಬರೆಯಿರಿ. ‘ಘಟಶ್ರಾದ್ಧ’ ನೋಡಿಲ್ಲ ಅಂದರೆ ಯಾರೂ ನಗುವುದಿಲ್ಲ, ಪಕ್ಕದಲ್ಲಿ ಕೂತವರೂ ನೋಡಿರುವುದಿಲ್ಲ. ಬಲಗಡೆ ಖಾನೆಯಲ್ಲಿ ನಿಮ್ಮ ಹತ್ತರ ಸ್ಥಾನ ಹಾಕಿ. ಫಲಿತಾಂಶ ಹೇಳುವಾಗ ಎರಡು ಪಟ್ಟಿ ಓದುತ್ತೇವೆ. ಒಂದು, ಗೆದ್ದ ಹತ್ತು. ಇನ್ನೊಂದು, ನೋಡಿದ ಕೆಲವರೇ ತುಂಬಾ ಮೇಲೆ ಇಟ್ಟು ಉಳಿದವರು ನೋಡೇ ಇಲ್ಲದ ಸಿನಿಮಾಗಳು. ಈ ಎರಡನೇ ಪಟ್ಟಿಯಿಂದಲೇ ಮುಂದಿನ ತಿಂಗಳಿಂದ ಇಲ್ಲಿ ಹಾಕುವ ಸಿನಿಮಾ ಆರಿಸೋಣ. ನನಗೆ ಆ ಪಟ್ಟಿ ಮೇಲೆಯೇ ಆಸೆ ಜಾಸ್ತಿ.

ನನ್ನದು ಯಾವುದು ಅಂತ ಆಗಲೇ ಇಬ್ಬರು ಕೇಳಿದ್ದೀರಿ. ‘ಭೂತಯ್ಯನ ಮಗ ಅಯ್ಯು’ ಮೊದಲು, ‘ಘಟಶ್ರಾದ್ಧ’ ಎರಡು, ‘ಶರಪಂಜರ’ ಮೂರು, ‘ನಾಗರಹಾವು’ ನಾಲ್ಕು, ‘ಹಂಸಗೀತೆ’ ಐದು. ಉಳಿದ ಐದು ಇನ್ನೂ ಬರೆದಿಲ್ಲ, ‘ಬಂಗಾರದ ಮನುಷ್ಯ’ ಮತ್ತು ‘ಕಸ್ತೂರಿ ನಿವಾಸ’ದ ನಡುವೆ ಒದ್ದಾಡುತ್ತಿದ್ದೇನೆ. ನಾಲ್ಕನೇ ಸ್ಥಾನ ಕೇಳಿ ಆ ಕಡೆ ಇಬ್ಬರು ಎದ್ದು ನಿಂತಿದ್ದಾರೆ. ಚಹಾ ಬರುತ್ತಿದೆ, ಅಲ್ಲಿ ಹೊರಗೆ ಬನ್ನಿ, ಮಾತಾಡೋಣ. ಅದಕ್ಕೆ ಮುಂಚೆ ಚೀಟಿ ತುಂಬಿ ಕೊಡಿ.